ಬಿದ್ದವನ ಮೇಲಿನ ಎರಡನೆಯ ದಾಳಿ: ಜಾನ್ ಬನ್ಯನ್ ಮತ್ತು ನಂಬಿಕೆಯ ಕಾವಲು



ಶೋಧನೆಯ ಎದುರು ನಂಬಿಕೆಯನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಕೇಳಿದಾಗ ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು ತೆರೆಯುವುದು ನಮ್ಮಲ್ಲಿ ರೂಢಿ. ಕವಚ, ಗುರಾಣಿ, ಶಿರಸ್ತ್ರಾಣ, ಕತ್ತಿ ಒಂದೊಂದನ್ನೂ ಎತ್ತಿ ತೋರಿಸುವ ಪ್ರಸಂಗಗಳನ್ನು ನೀವೆಲ್ಲ ಸಂಡೇ ಸ್ಕೂಲಿನಿಂದಲೇ ಕೇಳಿದ್ದೀರಿ. ಆ ಅಧ್ಯಾಯ ಹೇಳುವುದೆಲ್ಲ ನಿಜ. ಆದರೆ ಆ ಆಯುಧಗಳನ್ನು ಬಲ್ಲವನೂ ಬೀಳುತ್ತಾನೆ. ಬಿದ್ದವನಿಗೆ ಮುಂದೇನಾಗುತ್ತದೆ ಎಂಬುದನ್ನು ನಮ್ಮ ಪ್ರಸಂಗಗಳು ಅಷ್ಟಾಗಿ ಹೇಳುವುದಿಲ್ಲ. ಇಂದು ನಾನು ಮಾತಾಡುವುದು ಅದನ್ನೇ.

ಸೈತಾನನ ಶೋಧನೆ ಎರಡು ಸಲ ಬರುತ್ತದೆ. ಮೊದಲ ಸಲ ಬಂದಾಗ, ಇದೇನು ಮಹಾ, ಇಷ್ಟಕ್ಕೆ ದೇವರು ಮುನಿಯುತ್ತಾನೆಯೇ ಎನ್ನುತ್ತದೆ. ಮನುಷ್ಯ ಬಿದ್ದ ಮೇಲೆ ಅದೇ ದನಿ ತಿರುಗಿ ಬಂದು, ಇಷ್ಟು ದೊಡ್ಡ ಪಾಪಕ್ಕೆ ಕ್ಷಮೆ ಎಲ್ಲಿಂದ ಬಂತು, ನಿನ್ನ ಕಥೆ ಮುಗಿಯಿತು ಎನ್ನುತ್ತದೆ. ಮೊದಲನೆಯದರಲ್ಲಿ ಸೋತವರು ಎದ್ದು ಬರಬಹುದು. ನಂಬಿಕೆಯನ್ನು ಬುಡಸಮೇತ ಕೀಳುವುದು ಎರಡನೆಯದು. ಪೇತ್ರನೂ ಯೂದನೂ ಒಂದೇ ರಾತ್ರಿ ಕರ್ತನಿಗೆ ದ್ರೋಹ ಬಗೆದರು. ಇಬ್ಬರೂ ಪಶ್ಚಾತ್ತಾಪಪಟ್ಟರು, ಯೂದನು ಹಣವನ್ನು ಹಿಂದಿರುಗಿಸಿದ, ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡ. ಆದರೆ ಅವನು ಒಪ್ಪಿಕೊಂಡದ್ದು ಮಹಾಯಾಜಕರ ಮುಂದೆ. ಅವರು ಅದು ನಿನ್ನ ಪಾಡು ಎಂದು ಕೈತೊಳೆದುಕೊಂಡರು. ಅವನು ಒಬ್ಬನೇ ಹೊರಟುಹೋದ. ಪೇತ್ರನು ಅಳುತ್ತ ಹೋದರೂ ಮೂರನೆಯ ದಿನ ಶಿಷ್ಯರ ನಡುವೆಯೇ ಇದ್ದ. ಸುವಾರ್ತೆಗಳನ್ನು ಎಷ್ಟು ಸಲ ಓದಿದರೂ ನನ್ನ ಕಣ್ಣಿಗೆ ಬೀಳುವ ವ್ಯತ್ಯಾಸ ಇದೊಂದೇ.

ಈ ಎರಡನೆಯ ದಾಳಿಯನ್ನು ಒಳಗಿನಿಂದ ಕಂಡು, ಮುಚ್ಚುಮರೆಯಿಲ್ಲದೆ ಬರೆದಿಟ್ಟವನು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಜಾನ್ ಬನ್ಯನ್. ‘ಯಾತ್ರಿಕನ ಸಂಚಾರ’ದ ಕರ್ತೃವೆಂದು ನೀವು ಅವನನ್ನು ಬಲ್ಲಿರಿ. 1666ರಲ್ಲಿ, ಜೈಲಿನಲ್ಲಿದ್ದಾಗಲೇ ಅವನು ಪ್ರಕಟಿಸಿದ ಆತ್ಮಕಥೆ ‘ಗ್ರೇಸ್ ಅಬೌಂಡಿಂಗ್’ ನಮ್ಮಲ್ಲಿ ಅಷ್ಟಾಗಿ ಓದಿಕೆಗೆ ಬಂದಿಲ್ಲ. ನಾನು ಹೆಚ್ಚಾಗಿ ಆಶ್ರಯಿಸುವುದು ಅದನ್ನು.

ಬೆಡ್‌ಫರ್ಡ್ ಪಟ್ಟಣದ ಪಕ್ಕದ ಎಲ್‌ಸ್ಟೋ ಹಳ್ಳಿಯಲ್ಲಿ 1628ರಲ್ಲಿ ಅವನು ಹುಟ್ಟಿದ. ತಂದೆಯ ಹಾಗೆ ತೂತುಬಿದ್ದ ಪಾತ್ರೆಗಳನ್ನು ದುರಸ್ತಿ ಮಾಡುವ ಕಸುಬಿನವನು. ಹದಿಹರೆಯದಲ್ಲಿ ತಾಯಿಯೂ ತಂಗಿಯೂ ತೀರಿಕೊಂಡರು. ಅಂತರ್ಯುದ್ಧದ ಕಾಲದಲ್ಲಿ ಪಾರ್ಲಿಮೆಂಟಿನ ಸೇನೆಯಲ್ಲಿ ಸಿಪಾಯಿಯಾದ. ಮದುವೆಯಾದಾಗ ಗಂಡಹೆಂಡಿರ ಬಳಿ ಒಂದು ತಟ್ಟೆ, ಒಂದು ಚಮಚವೂ ಇರಲಿಲ್ಲವಂತೆ. ಹೆಂಡತಿ ತವರಿನಿಂದ ತಂದದ್ದು ಎರಡು ಭಕ್ತಿಗ್ರಂಥಗಳು. ಒಂದು ಭಾನುವಾರ ನಮ್ಮ ಚಿನ್ನಿದಾಂಡಿನಂಥ ಆಟ ಆಡುತ್ತಿದ್ದವನಿಗೆ, ಒಂದು ಪೆಟ್ಟು ಹೊಡೆದು ಎರಡನೆಯದಕ್ಕೆ ಕೋಲೆತ್ತುವಷ್ಟರಲ್ಲಿ, ಪಾಪವನ್ನು ಬಿಡುತ್ತೀಯೋ ಪರಲೋಕವನ್ನು ಬಿಡುತ್ತೀಯೋ ಎಂದು ಕೇಳುವ ದನಿ ಎದೆಯೊಳಗೆ ನಾಟಿತು. ಅಂದಿನ ಮಟ್ಟಿಗೆ ಅವನು ಆಟ ನಿಲ್ಲಿಸಲಿಲ್ಲ. ನಿಜವಾಗಿ ಅವನನ್ನು ಅಲುಗಿಸಿದ್ದು ಆಮೇಲಿನ ಸಂಗತಿ. ಬೆಡ್‌ಫರ್ಡಿನ ಒಂದು ಬೀದಿಯಲ್ಲಿ ಮೂರು ನಾಲ್ಕು ಬಡ ಹೆಂಗಸರು ಬಾಗಿಲ ಬಳಿ ಬಿಸಿಲಿಗೆ ಕೂತು ದೇವರು ತಮ್ಮ ಜೀವನದಲ್ಲಿ ಮಾಡಿದ್ದನ್ನು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಕೆಲಸದ ಮೇಲೆ ಬಂದಿದ್ದ ಬನ್ಯನ್ ನಿಂತು ಕೇಳಿದ. ಅವರು ಯಾರಿಗೂ ಉಪದೇಶ ಮಾಡುತ್ತಿರಲಿಲ್ಲ. ತಮ್ಮ ಶೋಧನೆಗಳ ಬಗ್ಗೆಯೂ ಅವರು ಅಷ್ಟೇ ಸಹಜವಾಗಿ ಮಾತಾಡುತ್ತಿದ್ದರೆಂಬುದನ್ನು ಅವನು ಮರೆಯದೆ ಬರೆದಿದ್ದಾನೆ. ಆ ಹೆಂಗಸರ ಮೂಲಕವೇ ಜಾನ್ ಗಿಫರ್ಡ್ ಪಾಲಕನಾಗಿದ್ದ ಪುಟ್ಟ ಸಭೆಯ ಪರಿಚಯ ಅವನಿಗಾಯಿತು.

ನಂಬಿದ ಮೇಲೆ ಶುರುವಾಯಿತು ಕಾಟ. ದೇವರನ್ನು ದೂಷಿಸುವ ಮಾತುಗಳು ನಾಲಿಗೆಯ ತುದಿಗೆ ನುಗ್ಗಿ ಬರುತ್ತಿದ್ದವು. ಬಾಯಿ ತೆರೆದೀತೆಂದು ಗದ್ದದ ಕೆಳಗೆ ಕೈಯೊತ್ತಿ ಹಿಡಿಯುತ್ತಿದ್ದ. ಬೇರೆ ಧರ್ಮದವರೂ ತಂತಮ್ಮ ಧರ್ಮವೇ ಸತ್ಯವೆಂದು ನಂಬಿರುವಾಗ ನಮ್ಮ ನಂಬಿಕೆ ಬರಿಯ ಅನಿಸಿಕೆಯಲ್ಲವೆಂದು ಹೇಗೆ ಹೇಳುವುದು ಎಂಬ ಪ್ರಶ್ನೆಯೂ ಎದ್ದಿತು. ಹಲವು ಧರ್ಮಗಳ ನಡುವೆ ಬಾಳುವ ನಮ್ಮ ಹುಡುಗ ಹುಡುಗಿಯರು ಇದೇ ಪ್ರಶ್ನೆಯನ್ನು ಇಂದೂ ಕೇಳುತ್ತಾರೆ. ಕೇಳಿದ ಕೂಡಲೇ ಅವರ ಬಾಯಿ ಮುಚ್ಚಿಸುವ ಹಿರಿಯರಿಗೆ ನಾನು ಕೈಮುಗಿದು ಹೇಳುತ್ತೇನೆ: ಬನ್ಯನ್ ಆ ಪ್ರಶ್ನೆಯನ್ನು ಬರೆದು ಅಚ್ಚು ಹಾಕಿಸಿದ. ಸಂಶಯವನ್ನು ಬೆಳಕಿಗೆ ತಂದವನ ನಂಬಿಕೆ ಉಳಿಯಿತು.

ಅದಾದ ಮೇಲೆ ಬಂದದ್ದು ಅವನ ಜೀವನದ ಅತಿ ವಿಚಿತ್ರವಾದ ಶೋಧನೆ. ಕ್ರಿಸ್ತನನ್ನು ಮಾರಿಬಿಡು ಎಂಬ ಒಂದೇ ಪಲ್ಲವಿ. ಯಾವುದಕ್ಕೆ ಮಾರುವುದು, ಯಾರಿಗೆ ಮಾರುವುದು, ಬೆಲೆಯೇನು? ಒಂದಕ್ಕೂ ಅರ್ಥವಿಲ್ಲ. ಊಟಕ್ಕೆ ಕೂತರೆ, ಸೌದೆ ಸೀಳಿದರೆ, ಕೆಳಗೆ ಬಿದ್ದ ಗುಂಡುಪಿನ್ನು ಹೆಕ್ಕಲು ಬಗ್ಗಿದರೆ, ಇದಕ್ಕಾಗಿ ಮಾರು, ಅದಕ್ಕಾಗಿ ಮಾರು ಎಂಬ ದನಿ. ಲೋಕಲೋಕಗಳನ್ನೇ ಕೊಟ್ಟರೂ ಮಾರೆನೆಂದು ಉತ್ತರ ಕೊಡುತ್ತ, ಎದುರಿಗೆ ಯಾರೋ ನಿಂತಿರುವಂತೆ ಮೊಣಕೈಯಿಂದ ತಳ್ಳುತ್ತಿದ್ದ. ಎಷ್ಟೋ ಸಲ ಊಟದ ನಡುವೆ, ಈಗಲೇ ಎದ್ದುಹೋಗಿ ಪ್ರಾರ್ಥಿಸಬೇಕು ಎಂಬ ಒತ್ತಡ ಬರುತ್ತಿತ್ತು; ಏಳದಿದ್ದರೆ ಪಾಪವೆಂಬ ಭಯ. ಈ ಪ್ರಾರ್ಥನೆಯ ಒತ್ತಡವೂ ಸೈತಾನನದೇ ಎಂದು ಅವನು ಆಮೇಲೆ ಗುರುತಿಸಿದ. ಭಕ್ತಿಯ ವೇಷದಲ್ಲಿ ಬಂದು ಮನುಷ್ಯನನ್ನು ದಣಿಸುವ ಶೋಧನೆಯನ್ನು ಇಷ್ಟು ಖಚಿತವಾಗಿ ಹಿಡಿದ ಮತ್ತೊಂದು ಬರಹವನ್ನು ನಾನು ಓದಿಲ್ಲ. ಹೀಗೆ ಸುಮಾರು ಒಂದು ವರ್ಷ. ಕೊನೆಗೆ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಾಗ, ಉತ್ತರ ಕೊಟ್ಟುಕೊಟ್ಟು ಉಸಿರುಗಟ್ಟಿದವನ ಮನಸ್ಸಿನಲ್ಲಿ, ಹೋಗಬೇಕೆಂದಿದ್ದರೆ ಅವನು ಹೋಗಲಿ ಎಂಬ ಒಂದು ಯೋಚನೆ ಹಾದುಹೋಯಿತು.

ಆದದ್ದು ಇಷ್ಟೇ. ಯಾರಿಗೂ ಕೇಡು ಮಾಡಲಿಲ್ಲ, ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೂ ಮರದಿಂದ ಬಿದ್ದ ಹಕ್ಕಿಯಂತೆ ಅವನು ನೆಲ ಕಚ್ಚಿದ. ಎರಡು ವರ್ಷಕ್ಕೂ ಹೆಚ್ಚು ಕಾಲ ಏಳಲಿಲ್ಲ.

ಎರಡನೆಯ ದಾಳಿ ಶುರುವಾದದ್ದು ಇಲ್ಲಿಂದ. ಅದು ಬಂದದ್ದು ದೇವರ ವಾಕ್ಯದ ಮೂಲಕ. ಒಂದು ಹೊತ್ತಿನ ಊಟಕ್ಕೆ ಚೊಚ್ಚಲತನವನ್ನು ಮಾರಿಕೊಂಡು, ಆಮೇಲೆ ಕಣ್ಣೀರಿಟ್ಟು ಹುಡುಕಿದರೂ ಆಶೀರ್ವಾದ ಸಿಗದೆಹೋದ ಏಸಾವನ ಮಾತು ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿದೆಯಲ್ಲ, ಆ ಮಾತು ಬನ್ಯನ್‌ನ ಬೆನ್ನುಬಿಡದಾಯಿತು. ನಾನು ಮಾರಿದವನು, ಏಸಾವನೂ ಮಾರಿದವನು, ಅವನಿಗಿಲ್ಲದ್ದು ನನಗೆಲ್ಲಿ? ತನ್ನ ಪಾಪವನ್ನು ದಾವೀದನ, ಪೇತ್ರನ, ಯೂದನ ಪಾಪದೊಡನೆ ಒಂದೊಂದಾಗಿ ಹೋಲಿಸಿ ನೋಡಿದ. ಪ್ರತಿ ಸಲವೂ ತನ್ನದೇ ದೊಡ್ಡದೆನಿಸಿತು. ಇಟಲಿಯ ಫ್ರಾಂಚೆಸ್ಕೊ ಸ್ಪಿಯೆರ ಎಂಬ ವಕೀಲ 1548ರಲ್ಲಿ ವೆನಿಸ್‌ನಲ್ಲಿ ತನ್ನ ಪ್ರಾಟೆಸ್ಟೆಂಟ್ ನಂಬಿಕೆಯನ್ನು ತಳ್ಳಿಹೇಳಿ, ದೇವರು ತನ್ನನ್ನು ಕೈಬಿಟ್ಟನೆಂದು ಕೊರಗುತ್ತಲೇ ಸತ್ತಿದ್ದ. ಆ ಕಥೆಯ ಪುಸ್ತಕ ಇದೇ ಹೊತ್ತಿಗೆ ಬನ್ಯನ್‌ನ ಕೈಗೆ ಬಿದ್ದು, ಹಸಿ ಗಾಯಕ್ಕೆ ಉಪ್ಪು ಸವರಿತು. ಒಂದು ದಿನ ಪಕ್ಕದ ಪಟ್ಟಣಕ್ಕೆ ನಡೆದುಹೋಗಿ ಬೀದಿಯ ಬೆಂಚಿನ ಮೇಲೆ ಕೂತ. ಸೂರ್ಯನಿಗೆ ತನ್ನ ಮೇಲೆ ಬೆಳಕು ಚೆಲ್ಲಲು ಮನಸ್ಸಿಲ್ಲವೆಂದೂ ಬೀದಿಯ ಕಲ್ಲುಗಳೂ ಮನೆಯ ಹಂಚುಗಳೂ ತನ್ನ ವಿರುದ್ಧ ಒಂದಾಗಿವೆಯೆಂದೂ ಅವನಿಗೆ ಅನಿಸಿತು.

ಆಗ ಅವನು ಒಬ್ಬ ವಯಸ್ಸಾದ ವಿಶ್ವಾಸಿಯ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡ. ಪವಿತ್ರಾತ್ಮನ ವಿರುದ್ಧ ಪಾಪ ಮಾಡಿಬಿಟ್ಟೆನೆಂಬ ಭಯ ನನಗಿದೆ ಎಂದ. ಆ ಹಿರಿಯ, ನನಗೂ ಹಾಗೇ ತೋರುತ್ತದೆ ಎಂದುಬಿಟ್ಟ! ಇನ್ನಷ್ಟು ಮಾತಾಡಿದ ಮೇಲೆ, ಇವನು ಒಳ್ಳೆಯ ಮನುಷ್ಯನೇ, ಆದರೆ ಸೈತಾನನೊಡನೆ ಹೆಚ್ಚು ಹೋರಾಡಿದವನಲ್ಲ ಎಂದು ಬನ್ಯನ್‌ಗೆ ಗೊತ್ತಾಯಿತು. ಸಭಾಪಾಲಕರೇ, ಹಿರಿಯರೇ, ಈ ಘಟನೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಬಿದ್ದವನು ನಮ್ಮ ಬಾಗಿಲಿಗೆ ಒಮ್ಮೆ ಬರುತ್ತಾನೆ. ಆ ಒಂದು ಗಳಿಗೆಯಲ್ಲಿ ನಾವು ಆಡುವ ಮಾತು ದೂರುಗಾರನಾದ ಸೈತಾನನ ಮಾತಿಗೆ ಸಾಕ್ಷಿ ಹೇಳುವಂತಾದರೆ ಅವನು ಮತ್ತೆ ಬರುವುದಿಲ್ಲ.

ಶತ್ರು ದೇವರ ವಾಕ್ಯವನ್ನೇ ಹಿಡಿದು ಬರುತ್ತಾನೆಂಬುದು ಹೊಸ ಸಂಗತಿಯಲ್ಲ. ಅರಣ್ಯದಲ್ಲಿ ಯೇಸುವಿನ ಮುಂದೆ ಅವನು ಎತ್ತಿದ್ದು ತೊಂಬತ್ತೊಂದನೆಯ ಕೀರ್ತನೆಯನ್ನು. ಯೇಸು ಮೂರು ಸಲವೂ ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದ ಆರು ಮತ್ತು ಎಂಟನೆಯ ಅಧ್ಯಾಯಗಳಿಂದ, ಇಸ್ರಾಯೇಲರು ಅರಣ್ಯದಲ್ಲಿ ಸೋತ ಕಥೆಯನ್ನು ನೆನೆಸುವ ಭಾಗದಿಂದ. ಈಜಿಪ್ಟಿನ ಮರಳುಗಾಡಿನಲ್ಲಿ 399ರಲ್ಲಿ ತೀರಿಕೊಂಡ ಸನ್ಯಾಸಿ ಇವಾಗ್ರಿಯಸ್ ಮನುಷ್ಯನನ್ನು ಕಾಡುವ ಕೆಟ್ಟ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ. ಒಂದೊಂದು ಬಗೆಗೂ ಎದುರಾಡಲು ಸತ್ಯವೇದದಿಂದ ಒಟ್ಟು ಸುಮಾರು ಐನೂರು ಮಾತುಗಳನ್ನು ಆರಿಸಿ ಪುಸ್ತಕ ಮಾಡಿದ. ಅವನ ಗ್ರೀಕ್ ಮೂಲ ಕಳೆದುಹೋಗಿ ಸಿರಿಯಾಕ್ ಅನುವಾದದಲ್ಲಿ ಆ ಪುಸ್ತಕ ಉಳಿದಿದೆ. ಅದು ಬಹಳ ಉಪಯುಕ್ತವಾದ ಅಭ್ಯಾಸ. ಮಕ್ಕಳಿಗೆ ನಾವು ಕಂಠಪಾಠ ಮಾಡಿಸುವುದೂ ಅದಕ್ಕೇ. ಆದರೆ ಬನ್ಯನ್‌ನ ಅನುಭವ ಇನ್ನೊಂದು ತೊಡಕನ್ನು ಮುಂದಿಡುತ್ತದೆ. ವಾಕ್ಯವೇ ಇರಿಯುತ್ತಿರುವಾಗ ಯಾವ ವಾಕ್ಯವನ್ನು ಹಿಡಿಯುವುದು?

ಅವನು ಕಂಡುಕೊಂಡ ದಾರಿ ನಿಧಾನದ್ದು. ನನ್ನ ಕೃಪೆಯೇ ನಿನಗೆ ಸಾಕು ಎಂಬರ್ಥದಲ್ಲಿ ಕರ್ತನು ಪೌಲನಿಗೆ ಹೇಳಿದ ಮಾತು ಒಮ್ಮೆ ಅವನ ಮನಸ್ಸಿಗೆ ಬಂದು ನಿಂತಿತು. ಏಸಾವನ ವಾಕ್ಯವೂ ಈ ವಾಕ್ಯವೂ ಒಂದೇ ಹೊತ್ತಿಗೆ ಎದುರುಬದುರಾದರೆ ಯಾವುದು ಗೆಲ್ಲುತ್ತದೆಂದು ನೋಡಬೇಕೆಂಬ ಆಸೆಯೂ ಭಯವೂ ಅವನಿಗಿದ್ದವು. ಒಂದು ದಿನ ಎರಡೂ ಎದುರಾದವು. ಏಸಾವನದು ಬಲಗುಂದಿ ಹಿಂದೆ ಸರಿಯಿತು. ಆದರೆ ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೆದರಿಕೆಯಿಂದ ಅದುವರೆಗೆ ಹತ್ತಿರ ಸುಳಿಯದಿದ್ದ ವಾಕ್ಯಗಳನ್ನೆಲ್ಲ ಒಂದೊಂದಾಗಿ ತೆರೆದು, ಹಿಂದುಮುಂದಿನ ಮಾತುಗಳ ಸಮೇತ ಓದಿದ. ಇಬ್ರಿಯರ ಆರು, ಹತ್ತು, ಹನ್ನೆರಡನೆಯ ಅಧ್ಯಾಯಗಳು ದೂರದಿಂದ ಕಂಡಷ್ಟು ಕರಾಳವಾಗಿರಲಿಲ್ಲ. ಏಸಾವನು ಯೋಚಿಸಿ, ಲೆಕ್ಕಹಾಕಿ ಮಾರಿದವನು. ತನ್ನದು ತನಗೇ ಬೇಡವಾಗಿದ್ದ, ಹೊಡೆದಾಡಿ ಸೋತ ಒಂದು ಯೋಚನೆ. ಯೆಹೋಶುವನ ಇಪ್ಪತ್ತನೆಯ ಅಧ್ಯಾಯದಲ್ಲಿ, ದ್ವೇಷವಿಲ್ಲದೆ ಕೈತಪ್ಪಿ ಕೊಂದವನು ಆಶ್ರಯನಗರದ ಬಾಗಿಲಿಗೆ ಬಂದು ನಿಂತರೆ ಮುಯ್ಯಿತೀರಿಸುವವನ ಕೈಗೆ ಅವನನ್ನು ಒಪ್ಪಿಸಬಾರದೆಂಬ ನಿಯಮವಿದೆ. ಅದನ್ನು ಓದಿ, ಒಳಗೆ ಹೋಗುವ ಹಕ್ಕು ತನಗೂ ಇದೆ ಎಂದುಕೊಂಡ.

ಕೊನೆಯ ಗಂಟು ಬಿಚ್ಚಿದ್ದು ಹೊಲದಲ್ಲಿ ನಡೆದು ಹೋಗುತ್ತಿದ್ದಾಗ. ನಿನ್ನ ನೀತಿ ಇರುವುದು ಪರಲೋಕದಲ್ಲಿ, ದೇವರ ಬಲಗಡೆಯಲ್ಲಿ ಎಂಬ ಮಾತು ಮನಸ್ಸಿಗೆ ಬಂತು. ಅದು ಅಲ್ಲಿದ್ದರೆ ತನ್ನ ಮನಸ್ಸು ಚೆನ್ನಾಗಿದ್ದ ದಿನ ಹೆಚ್ಚುವುದಿಲ್ಲ, ಕೆಟ್ಟ ದಿನ ಕಡಿಮೆಯಾಗುವುದಿಲ್ಲ. ಅದು ನಿನ್ನೆ ಇಂದು ಎಂದೆಂದೂ ಒಂದೇ ರೀತಿಯಲ್ಲಿರುವ ಯೇಸು ಕ್ರಿಸ್ತನೇ. ಕಾಲಿನ ಸರಪಣಿ ಕಳಚಿತೆಂದು ಬರೆಯುತ್ತಾನೆ. ಮನೆಗೆ ಹೋಗಿ ಆ ಮಾತನ್ನು ಸತ್ಯವೇದದಲ್ಲಿ ಹುಡುಕಿದರೆ ಅದೇ ರೂಪದಲ್ಲಿ ಎಲ್ಲೂ ಸಿಗಲಿಲ್ಲ. ಮತ್ತೆ ಎದೆ ಕುಸಿಯಿತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂದನೆಯ ಅಧ್ಯಾಯದಲ್ಲಿ ಅದೇ ಅರ್ಥದ ಮಾತು ಸಿಕ್ಕ ಮೇಲೆಯೇ ಸಮಾಧಾನ. ತನ್ನ ಜೀವನದ ಅತ್ಯಂತ ಮಧುರವಾದ ಗಳಿಗೆಯನ್ನೂ ಅವನು ಹೀಗೆ ಪರೀಕ್ಷೆಗೊಡ್ಡಿದ. ಸ್ವಾಮಿ ನನ್ನೊಡನೆ ಮಾತಾಡಿದರು ಎಂದು ಯಾರು ಏನು ಹೇಳಿದರೂ ತಲೆಬಾಗುವ ಕೂಟಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಆ ಎಚ್ಚರ ನಮಗೆ ಬೇಕು.

ಈ ಎಲ್ಲ ನೋವೂ ಹಣ್ಣಾಗಿ 1678ರಲ್ಲಿ ‘ಯಾತ್ರಿಕನ ಸಂಚಾರ’ವಾಯಿತು. ಕಥಾನಾಯಕ ಕ್ರೈಸ್ತನು ಅಪೊಲ್ಲುವೋನನೆಂಬ ಪಿಶಾಚಿಯನ್ನು ಎದುರಿಸುವ ಭಾಗದಲ್ಲಿ ಮಕ್ಕಳಿಗೆ ಇಷ್ಟವಾಗುವುದು ಕತ್ತಿಯ ಕಾಳಗ. ಅದಕ್ಕೆ ಮೊದಲಿನ ಸಂಭಾಷಣೆಯನ್ನು ಗಮನಿಸಿ. ಅಪೊಲ್ಲುವೋನನು ಮೊದಲು ಆಮಿಷ ಒಡ್ಡುತ್ತಾನೆ, ಬೆದರಿಸುತ್ತಾನೆ. ಎರಡೂ ನಡೆಯದಿದ್ದಾಗ ಕ್ರೈಸ್ತನ ಹಳೆಯ ತಪ್ಪುಗಳ ಪಟ್ಟಿ ತೆಗೆಯುತ್ತಾನೆ: ಕೆಸರಿನಲ್ಲಿ ಬಿದ್ದಾಗ ಧೈರ್ಯಗೆಟ್ಟೆ, ನಿದ್ದೆಹೋಗಿ ನಿನ್ನ ಸುರುಳಿಯನ್ನು ಕಳೆದುಕೊಂಡೆ, ಸಿಂಹಗಳನ್ನು ಕಂಡು ಹಿಂದಿರುಗಲಿದ್ದೆ, ಒಳಗೊಳಗೇ ಹೊಗಳಿಕೆ ಬಯಸುತ್ತೀಯೆ. ಒಂದೂ ಸುಳ್ಳಲ್ಲ. ಕ್ರೈಸ್ತನು ಅಲ್ಲಗಳೆಯುವುದಿಲ್ಲ, ನೆಪ ಹೇಳುವುದಿಲ್ಲ. ನೀನು ಹೇಳಿದ್ದೆಲ್ಲ ನಿಜ, ನೀನು ಬಿಟ್ಟದ್ದು ಇನ್ನೂ ಇದೆ, ಆದರೆ ನನ್ನ ಅರಸನು ಕ್ಷಮಿಸುವವನು ಎಂಬರ್ಥದ ಉತ್ತರ ಕೊಡುತ್ತಾನೆ. ಅಪೊಲ್ಲುವೋನನು ಕೋಪದಿಂದ ಸಿಡಿಯುವುದು ಆಗಲೇ. ಎರಡನೆಯ ದಾಳಿಗೆ ನಾನು ಬಲ್ಲ ಉತ್ತರ ಇದೊಂದೇ. ತಪ್ಪನ್ನು ಚಿಕ್ಕದು ಮಾಡಿ ತಪ್ಪಿಸಿಕೊಳ್ಳಲು ಹೋದವನನ್ನು ದೂರುಗಾರ ಸುಲಭವಾಗಿ ಹಿಡಿಯುತ್ತಾನೆ. ದೂರನ್ನು ಪೂರ್ತಿ ಒಪ್ಪಿಕೊಂಡು ಕ್ರಿಸ್ತನ ಕಡೆಗೆ ಕೈತೋರಿಸುವವನ ಮುಂದೆ ಅವನಿಗೆ ಮಾತು ಉಳಿಯುವುದಿಲ್ಲ.

ಈ ಪುಸ್ತಕವನ್ನು ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗಲ್ 1847ರಲ್ಲೇ ಕನ್ನಡಕ್ಕೆ ತಂದರು. ಅದೇ ಮಿಶನ್ನಿನ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿ ಆಗ ನಾಲ್ಕೇ ವರ್ಷವಾಗಿತ್ತು. ಅಂದು ಕ್ರೈಸ್ತರಾದವರಲ್ಲಿ ಅನೇಕರು ಜಾತಿಯ ಜೊತೆಗೆ ಕಸುಬು, ಮನೆ, ನೆಂಟಸ್ತಿಕೆ ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. ಮಿಶನ್ ನೇಯ್ಗೆಯ, ಹಂಚಿನ ಕಾರ್ಖಾನೆಗಳನ್ನು ತೆರೆಯಲು ಅವರ ಹೊಟ್ಟೆಪಾಡೂ ಒಂದು ಕಾರಣ. ಹೆಂಡತಿ ಮಕ್ಕಳು ಕೂಗುತ್ತಿರುವಾಗ ಕಿವಿಗೆ ಬೆರಳಿಟ್ಟು ಓಡುವ ಕ್ರೈಸ್ತನ ಚಿತ್ರ ಆ ಮೊದಲ ಕನ್ನಡ ಓದುಗರಿಗೆ ರೂಪಕವಾಗಿ ತೋರಿರಲಾರದು ಎಂದು ನಾನು ನಂಬುತ್ತೇನೆ.

ಇನ್ನು ಇಂದಿನ ನಮ್ಮ ಮಾತು. ಮಧ್ಯರಾತ್ರಿ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡಿದ ಯುವಕ, ಆನ್‌ಲೈನ್ ಜೂಜಿನಲ್ಲಿ ಮನೆಯ ಹಣ ಕಳೆದ ತಂದೆ, ಮುಂದಿನ ಭಾನುವಾರ ದೇವಾಲಯಕ್ಕೆ ಬರುವುದಿಲ್ಲ. ಅದರ ಮುಂದಿನ ವಾರವೂ ಬರುವುದಿಲ್ಲ. ಪಾಪ ಅವರನ್ನು ಒಂದು ರಾತ್ರಿ ಕೆಡವಿತು. ನಾಚಿಕೆ ವರ್ಷಗಟ್ಟಲೆ ದೂರ ಇಡುತ್ತದೆ. ಅವರ ಮನೆಗೆ ನಾವು ಹೋಗಬೇಕು. ಎಲ್ಲವನ್ನೂ ದುಷ್ಟಾತ್ಮದ ಲೆಕ್ಕಕ್ಕೆ ಬರೆದು, ಒಂದು ಬಿಡುಗಡೆಯ ಪ್ರಾರ್ಥನೆಯಲ್ಲಿ ಮುಗಿಸಿಬಿಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ಬನ್ಯನ್‌ಗೆ ಆದಂತೆ ಬೇಡದ ಯೋಚನೆ ಬಿಟ್ಟೂಬಿಡದೆ ನುಗ್ಗುವುದು, ತಪ್ಪಿತಸ್ಥ ಭಾವ ಊಟ ನಿದ್ದೆ ಕೆಡಿಸುವುದು ಕಾಯಿಲೆಯೂ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ನಮ್ಮ ರಾಜ್ಯದಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿಗೆ ಕರೆದೊಯ್ಯುವುದು ಅವಿಶ್ವಾಸವಲ್ಲ. ‘ಯಾತ್ರಿಕನ ಸಂಚಾರ’ದಲ್ಲಿ ಬರುವ ಸಂಶಯದ ಕೋಟೆಯಲ್ಲಿ ನಿರಾಶೆಯೆಂಬ ರಾಕ್ಷಸ ಕೈದಿಗಳಿಗೆ ಕೊಟ್ಟ ಸಲಹೆ ಏನೆಂದು ನೆನಪಿದೆಯೇ? ನಿಮ್ಮ ಪ್ರಾಣವನ್ನು ನೀವೇ ತೆಗೆದುಕೊಳ್ಳಿ ಎಂದು. ಆಗ ಕ್ರೈಸ್ತನನ್ನು ತಡೆದು ಉಳಿಸಿದ್ದು ಜೊತೆಗಿದ್ದ ಗೆಳೆಯನ ಮಾತು. ಎದೆಯಲ್ಲಿದ್ದ ವಾಗ್ದಾನದ ಬೀಗದಕೈ ನೆನಪಾದದ್ದು ಆಮೇಲೆ, ಶನಿವಾರ ರಾತ್ರಿಯೆಲ್ಲ ಇಬ್ಬರೂ ಕೂಡಿ ಪ್ರಾರ್ಥಿಸಿದ ಮೇಲೆ.

ಬನ್ಯನ್‌ನ ಹೋರಾಟ ಹೊಲದಲ್ಲಿ ಸಿಕ್ಕ ಬಿಡುಗಡೆಯೊಂದಿಗೆ ಮುಗಿಯಲಿಲ್ಲ. ಸಭೆ ಸೇರಿ ಕರ್ತನ ಮೇಜಿಗೆ ಬಂದಾಗ, ಆ ಪವಿತ್ರ ಗಳಿಗೆಯಲ್ಲೇ ದೂಷಣೆಯ ಯೋಚನೆಗಳು ಒಂಬತ್ತು ತಿಂಗಳು ಕಾಡಿದವು. ಅವನು ಬರುವುದನ್ನು ಬಿಡಲಿಲ್ಲ. ಉಪದೇಶ ಮಾಡಲು ಹೋಗುವಾಗ ವೇದಿಕೆಯ ಬಾಗಿಲವರೆಗೂ ಅಪರಾಧಭಾರ, ಮಾತಾಡುವಷ್ಟು ಹೊತ್ತು ಬಿಡುಗಡೆ, ಮೆಟ್ಟಿಲಿಳಿಯುವ ಮೊದಲೇ ಮತ್ತೆ ಅದೇ ಭಾರ.

1660ರ ನವೆಂಬರ್ 12ರಂದು ಲೋವರ್ ಸ್ಯಾಮ್ಸೆಲ್ ಎಂಬಲ್ಲಿ ಕೂಟ ನಡೆಸಲು ಬಂದಾಗ ಅವನನ್ನು ಹಿಡಿದರು. ವಾರಂಟು ಹೊರಟಿರುವುದು ಮೊದಲೇ ತಿಳಿದಿತ್ತು. ತಾನು ಓಡಿಹೋದರೆ ಹೊಸದಾಗಿ ನಂಬಿದವರ ಕೈ ಸೋಲುತ್ತದೆಂದು ನಿಂತ. ಇನ್ನು ಉಪದೇಶ ಮಾಡುವುದಿಲ್ಲವೆಂದು ಒಪ್ಪಿಕೊಂಡಿದ್ದರೆ ಮನೆಗೆ ಹೋಗಬಹುದಿತ್ತು; ಒಪ್ಪದೆ ಹನ್ನೆರಡು ವರ್ಷ ಬೆಡ್‌ಫರ್ಡಿನ ಜೈಲಿನಲ್ಲಿ ಲಾಡಿ ಹೆಣೆದು ಮನೆಯವರನ್ನು ಸಾಕಿದ. ಕುರುಡಿಯಾದ ಮಗಳು ಮೇರಿಯನ್ನು ನೆನೆದಾಗ ಮೂಳೆಯಿಂದ ಮಾಂಸ ಕಿತ್ತಂತಾಗುತ್ತಿತ್ತು. ಎರಡನೆಯ ಹೆಂಡತಿ ಎಲಿಜಬೆತ್ 1661ರಲ್ಲಿ ನ್ಯಾಯಾಧೀಶರ ಮುಂದೆ ನಿಂತು ಗಂಡನಿಗಾಗಿ ವಾದಿಸಿದಳು, ಫಲ ಸಿಗಲಿಲ್ಲ.

ಜೈಲಿನ ಆರಂಭದ ದಿನಗಳಲ್ಲಿ ಗಲ್ಲು ಶಿಕ್ಷೆಯಾದೀತೆಂಬ ಭಯವಿತ್ತು. ನೇಣುಗಂಬದ ಏಣಿಯ ಮೇಲೆ ಕಾಲು ನಡುಗಿ, ಮುಖ ಬಿಳಿಚಿ, ದೇವರ ಸಾನ್ನಿಧ್ಯದ ಒಂದು ಹನಿಯೂ ಒಳಗಿಲ್ಲದೆ ಸತ್ತರೆ ಏನು ಗತಿ ಎಂಬ ಕಳವಳ ವಾರಗಟ್ಟಲೆ ಕಾಡಿತು. ಯೋಬನು ಲಾಭವಿಲ್ಲದೆ ದೇವರನ್ನು ಸೇವಿಸುತ್ತಾನೆಯೇ ಎಂದು ಸೈತಾನನು ಹಾಕಿದ ಸವಾಲು ಆಗ ಅವನಿಗೆ ನೆನಪಾಯಿತು. ದೇವರು ನನಗೆ ಸಮಾಧಾನ ಕೊಡಲಿ, ಕೊಡದಿರಲಿ, ಅವನಿಗಾಗಿ ನಿಲ್ಲುವುದು ನನ್ನ ಕೆಲಸ. ಏಣಿಯಿಂದ ಕಣ್ಣುಮುಚ್ಚಿ ಧುಮುಕುತ್ತೇನೆ, ಹಿಡಿಯುವ ಮನಸ್ಸಿದ್ದರೆ ಕರ್ತನು ಹಿಡಿಯಲಿ ಎಂದು ತೀರ್ಮಾನಿಸಿದ. ಸಮಾಧಾನ ಬಂದದ್ದು ಆ ತೀರ್ಮಾನದ ಬೆನ್ನಿಗೆ. ಆ ಶೋಧನೆ ಇಲ್ಲದೆಹೋಗಿದ್ದರೆ ತನಗೇ ನಷ್ಟವಾಗುತ್ತಿತ್ತೆಂದು ಬರೆದಿದ್ದಾನೆ.

ಅವನು ಇನ್ನೂ ಕಾನೂನಿನ ಲೆಕ್ಕದಲ್ಲಿ ಕೈದಿಯಾಗಿದ್ದಾಗಲೇ, 1672ರ ಜನವರಿಯಲ್ಲಿ, ಬೆಡ್‌ಫರ್ಡಿನ ಸಭೆ ಅವನನ್ನು ತನ್ನ ಪಾಲಕನನ್ನಾಗಿ ಆರಿಸಿತು. ದೂಷಣೆಯ ಯೋಚನೆಗಳು, ಸಂಶಯಗಳು, ಕ್ರಿಸ್ತನನ್ನು ಬಿಟ್ಟುಕೊಟ್ಟೆನೆಂದು ಕೊರಗಿದ ವರ್ಷಗಳು ಎಲ್ಲವೂ ಆರು ವರ್ಷ ಮೊದಲೇ ಅವನ ಹೆಸರಿನಲ್ಲಿ ಅಚ್ಚಾಗಿದ್ದವು. ಸಭೆಗೆ ಅದೆಲ್ಲ ತಿಳಿದಿತ್ತು. ತಿಳಿದೇ ಆರಿಸಿತು.